ಗಂಟಲು ಸರಿಯಿಲ್ಲದ ಶಿಷ್ಯೆ

ನನಗೆ ಫೋನ್ ಮಾಡಬೇಡಿ ಎನ್ನುವುದು ನನ್ನ ಮೊದಲ ಪಾಠ. ಹೊಲಿಗೆ ಕಲಿಯಬೇಕೆಂದು ಯಾರೇ ಕೇಳಲಿ, ಇಂಚು ಟೇಪು ಹಿಡಿಯುವುದನ್ನು ಹೇಳಿಕೊಡುವ ಮೊದಲು ಇದನ್ನು ಹೇಳುತ್ತೇನೆ. ಏನಿದ್ದರೂ ವಾಟ್ಸಾಪಿನಲ್ಲಿ ಬರೆದು ಹಾಕಿ, ಇಲ್ಲವೇ ಮಾತಾಡಿ ಕಳಿಸಿ, ಬಟ್ಟೆಯ ಫೋಟೋ ತೆಗೆದು ಹಾಕಿ. ನನಗೆ ಬಿಡುವಾದಾಗ ನೋಡಿ ಉತ್ತರ ಕಳಿಸುತ್ತೇನೆ, ನಿಮಗೆ ಬಿಡುವಾದಾಗ ನೀವು ಕೇಳಿಸಿಕೊಳ್ಳಿ.

ಇದು ಶುರುವಾಗಿದ್ದು ನಮ್ಮ ಅತ್ತೆ ಬಚ್ಚಲುಮನೆಯ ಬಾಗಿಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡ ಮೇಲೆ. ಅಲ್ಲಿಯವರೆಗೆ ನಾನು ಮಂಡ್ಯದಲ್ಲಿ ಒಂದು ಹೊಲಿಗೆ ತರಬೇತಿ ಕೇಂದ್ರದಲ್ಲಿ ಪಾಠ ಹೇಳುತ್ತಿದ್ದೆ. ಅತ್ತೆ ಮಂಚ ಹಿಡಿದರು, ನಾನು ಕೆಲಸ ಬಿಟ್ಟೆ. ಬಿಟ್ಟು ಹೊರಡುವ ದಿನ ಕೆರಗೋಡಿನಿಂದ, ದುದ್ದದಿಂದ ಬಸ್ಸಿಗೆ ಬರುತ್ತಿದ್ದ ಹೆಂಗಸರು ಬಾಗಿಲಲ್ಲೇ ಅಡ್ಡ ನಿಂತರು. "ತೋಳು ಕೂರ್ಸೋದು ಬಾಕಿ ಇಟ್ಟು ಓಯ್ತೀರಲ್ಲ ಮೇಡಂ, ತೋಳಿಲ್ದೆ ರವಿಕೆ ಆಕ್ಕಬೇಕಾ ನಾವು?" ಎಂದು ಒಬ್ಬಾಕೆ ಕೇಳಿದಳು. ಅವರಿಗಾಗಿ ತೋಳು ಕೂರಿಸುವುದನ್ನು ಫೋನಿನಲ್ಲಿ ಹಿಡಿದು ಕಳಿಸಿದೆ. ಅದನ್ನು ನೋಡಿದ ಕೊಪ್ಪದ ಹೆಂಗಸರು ನಮಗೂ ಎಂದರು. ಹಾಗೆ ಬೆಳೆಯಿತು.

ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ ಒಂದು ಮೇಜು, ಮೇಜಿನ ಮೇಲೆ ಬಗ್ಗಿ ನೋಡುವಂತೆ ಫೋನಿನ ಸ್ಟ್ಯಾಂಡು. ಯಜಮಾನರು ಅಂಗಡಿಗೆ ಹೋದ ಮೇಲೆ, ಅತ್ತೆಗೆ ತಿಂಡಿ ಮಾತ್ರೆ ಕೊಟ್ಟು, ಬೀದಿಯಲ್ಲಿ ತರಕಾರಿ ಗಾಡಿಯವನ ಕೂಗು ನಿಂತ ಮೇಲೆ ಕೂರುತ್ತಿದ್ದೆ. ನನ್ನ ಎರಡು ಕೈ, ಕತ್ತರಿ, ಬಟ್ಟೆ, ಇಷ್ಟೇ ಕಾಣಬೇಕು.

ಪಕ್ಕದ ಕೋಣೆಯಿಂದ ಅತ್ತೆಯ ದನಿ ಬರುತ್ತಿತ್ತು. "ಅದ್ಯಾರ್ ಜೊತೆ ಮಾತಾಡ್ತಿದ್ದೀಯೆ ಅಷ್ಟೊತ್ತಿಂದ? ಆ ಕಡೆಯಿಂದ ಒಂದು ಉಸ್ರೂ ಕೇಳುಸ್ತಿಲ್ವಲ್ಲ."

"ಪಾಠ ಅತ್ತೆ. ಈಗ ಹೇಳಿಡ್ತೀನಿ, ಅವರು ಆಮೇಲೆ ಕೇಳ್ತಾರೆ."

"ಕೇಳ್ತಾರೆ ಅಂತ ನಿಂಗೆಂಗೊತ್ತು?"

ಗೊತ್ತಿರಲಿಲ್ಲ. ತರಗತಿಯಲ್ಲಾದರೆ ಮುಖ ನೋಡಿದರೆ ಸಾಕು, ಅರ್ಥವಾಗದವಳು ಬಟ್ಟೆಯನ್ನು ಸುಮ್ಮನೆ ಸವರುತ್ತಾ ಕೂತಿರುತ್ತಾಳೆ. ಇಲ್ಲಿ ಮೆಸೇಜು ನೋಡಿದ ಗುರುತಿನ ಎರಡು ನೀಲಿ ಗೀಟು ಬಿಟ್ಟರೆ ಬೇರೇನೂ ಕಾಣದು. ಆ ಗೀಟು ನಿಜ ಹೇಳುತ್ತದೆಂದು ನಾನು ಯಾವತ್ತೂ ನಂಬಿದವಳಲ್ಲ. ನನ್ನ ದನಿಯನ್ನು ಅಲ್ಲಿ ಯಾರು ಕೇಳುತ್ತಿದ್ದಾರೆ, ಒಬ್ಬಳೇ ಕೇಳುತ್ತಿದ್ದಾಳೋ ಪಕ್ಕದಲ್ಲಿ ಯಾರನ್ನಾದರೂ ಕೂರಿಸಿಕೊಂಡು ನಗುತ್ತಿದ್ದಾಳೋ, ಯಾರಿಗೆ ಗೊತ್ತು?

ಈ ಅನುಮಾನ ಸುಮ್ಮನೆ ಬಂದದ್ದಲ್ಲ. ಮೊದಲು ಎಲ್ಲರನ್ನೂ ಸೇರಿಸಿ ಒಂದೇ ಗುಂಪು ಮಾಡಿದ್ದೆ. ಹೆಂಗಸಿನ ಹೆಸರಿಟ್ಟುಕೊಂಡು ಅದರೊಳಗೆ ಒಬ್ಬ ಗಂಡಸು ಸೇರಿಕೊಂಡ. ಕಲಿಯುವವರು ತಾವು ಹೊಲಿದ ರವಿಕೆ ತೊಟ್ಟು ಹಿಂದೆ ಮುಂದೆ ಫೋಟೋ ತೆಗೆದು ಹಾಕುತ್ತಿದ್ದರು, ಎಲ್ಲಿ ಸುಕ್ಕು ಬಿದ್ದಿದೆ ಎಂದು ನಾನು ನೋಡಲಿ ಎಂದು. ಅವನು ಆ ಫೋಟೋಗಳ ಕೆಳಗೆ ಬಾಯಲ್ಲಿ ಹೇಳಲಾಗದ ಮಾತು ಬರೆದ. ಮದ್ದೂರಿನ ಒಬ್ಬ ಹೆಂಗಸಿನ ಗಂಡ ಅದನ್ನು ನೋಡಿ ಅವಳ ಕೈಯಿಂದ ಫೋನನ್ನೇ ಕಿತ್ತುಕೊಂಡ. ಅವಳ ಕಲಿಕೆ ಅಲ್ಲಿಗೆ ನಿಂತಿತು. ನಾನು ಗುಂಪು ಮುಚ್ಚಿದೆ. ಅಂದಿನಿಂದ ಗಂಡಸರಿಗೆ ಪಾಠವಿಲ್ಲ, ಹೆಂಗಸರಿಗೂ ಒಬ್ಬೊಬ್ಬರಿಗೆ ಬೇರೆ ಬೇರೆಯಾಗಿಯೇ ಪಾಠ. ಸೇರುವವರು ಮೊದಲು ತಮ್ಮ ದನಿಯಲ್ಲಿ ಊರು ಹೇಳಿ ಕಳಿಸಬೇಕು. ನನ್ನ ಫೋನಿನಲ್ಲಿ ಅವರಿಗೆ ಹೆಸರಿಲ್ಲ, ಊರೇ ಹೆಸರು. ಕೆರಗೋಡು, ದುದ್ದ, ಕೊಪ್ಪ. ಒಂದೇ ಊರಿನವರು ಇಬ್ಬರಿದ್ದರೆ ಕೊಪ್ಪ ಕೆರೆ ಕಡೆ, ಕೊಪ್ಪ ಬಸ್‌ಸ್ಟಾಂಡ್ ಎಂದು ಬರೆದುಕೊಳ್ಳುತ್ತಿದ್ದೆ.

ಮಳವಳ್ಳಿ ಸೇರಿದ್ದು ಒಂದು ದೀಪಾವಳಿ ಕಳೆದ ಮೇಲೆ. ಫೋಟೋ ಇರುವ ಜಾಗದಲ್ಲಿ ಕಣಗಿಲೆ ಹೂವು. ಊರು ಹೇಳಿ ಎಂದೆ. "ಮಳವಳ್ಳಿ ಅಕ್ಕ" ಎಂದು ಬರಹದಲ್ಲಿ ಬಂತು. ಮಾತಾಡಿ ಕಳಿಸಿ ಎಂದೆ. "ಗಂಟಲು ಸರಿಯಿಲ್ಲ ಅಕ್ಕ, ವಾಸಿಯಾದ ಮೇಲೆ ಕಳಿಸ್ತೀನಿ." ಯಾರಿಗಾದರೂ ಗಂಟಲು ಕೆಡುತ್ತದೆ, ಇರಲಿ ಎಂದು ಬಿಟ್ಟೆ. ಅಲ್ಲೇ ತಪ್ಪಿದೆನೇನೋ ಎಂದು ಆಮೇಲೆ ಎಷ್ಟೋ ಸಲ ಅನ್ನಿಸಿತು. ಯಾಕೆಂದರೆ ಆ ಗಂಟಲು ಸಂಕ್ರಾಂತಿ ಬಂದರೂ ವಾಸಿಯಾಗಲಿಲ್ಲ.

ಶಿಷ್ಯೆ ಮಾತ್ರ ಬಹಳ ಚುರುಕು. ಹಳೇ ಪೇಪರಿನ ಮೇಲೆ ಅಳತೆ ಹಾಕಿ ಕತ್ತರಿಸುವುದನ್ನು ಹೇಳಿಕೊಟ್ಟರೆ ಮಾರನೇ ದಿನವೇ ಫೋಟೋ ಬರುತ್ತಿತ್ತು. ಹೊಲಿಗೆ ಗೆರೆ ಎಳೆದಂತಿರುತ್ತಿತ್ತು. ಮೊದಲ ಸಲ ಮಷಿನ್ ಮುಟ್ಟಿದವರ ಹೊಲಿಗೆ ಹಾವು ಹರಿದಂತೆ ಹೋಗುತ್ತದೆ, ನಾನು ಎಷ್ಟು ಜನರದ್ದು ನೋಡಿಲ್ಲ! ಇದು ಹಾಗಿರಲಿಲ್ಲ. ಒಂದು ಸಲ ದಾರ ಪದೇ ಪದೇ ಕಡಿಯುತ್ತಿದೆ ಎಂದು ಬರೆದರು. ಮೆಕ್ಯಾನಿಕ್ ಹತ್ತಿರ ಒಯ್ಯಿರಿ ಎಂದು ನಾನು ಹೇಳಿ ಕಳಿಸುವಷ್ಟರಲ್ಲಿ, ಬಿಚ್ಚಿ ಸರಿಮಾಡಿದೆ ಎಂದು ಇನ್ನೊಂದು ಮೆಸೇಜು ಬಂದಿತ್ತು. ಈಕೆ ಕಲಿತವಳೇ ಇರಬೇಕು, ಮಳವಳ್ಳಿಯಲ್ಲಿ ಅಂಗಡಿ ಇಟ್ಟುಕೊಂಡಿರಬೇಕು, ನನ್ನ ವಿಡಿಯೋ ತೆಗೆದುಕೊಂಡು ತನ್ನದೆಂದು ಬೇರೆಯವರಿಗೆ ಹೇಳಿಕೊಡುತ್ತಿರಬೇಕು ಎಂದು ನನಗೆ ಮೊದಲು ಅನ್ನಿಸಿತು. ಫೋಟೋಗಳಲ್ಲಿ ಎಲ್ಲಿಯೂ ಒಂದು ಬೆರಳು ಕೂಡ ಕಾಣುತ್ತಿರಲಿಲ್ಲ. ಎಷ್ಟು ಜಾಗ್ರತೆ, ಯಾಕೆ?

ಬಳಿಕ ಅಳತೆ ಬಂತು. ರವಿಕೆ ಕತ್ತರಿಸುವ ಪಾಠಕ್ಕೆ ಬಂದಾಗ, ಯಾರಿಗೆ ಹೊಲಿಯುತ್ತೀರೋ ಅವರ ಅಳತೆ ಕಳಿಸಿ ಎಂದು ಎಲ್ಲರಿಗೂ ಹೇಳುತ್ತೇನೆ. ಮಳವಳ್ಳಿಯಿಂದ ಬಂದ ಅಳತೆ ನೋಡಿ ನನಗೆ ಗಲಿಬಿಲಿಯಾಯಿತು. ಎಡತೋಳಿನ ಸುತ್ತಳತೆ ಬಲತೋಳಿಗಿಂತ ಜಾಸ್ತಿ. ಎದೆಯ ಅಳತೆ ಮಾತ್ರ ಎಡಗಡೆ ಕಡಿಮೆ, ಬಲಗಡೆ ಜಾಸ್ತಿ. ಅದರ ಕೆಳಗೆ ಪ್ರಶ್ನೆ: "ಎಡಗಡೆ ಟಕ್ಸ್ ಬೇಡವೇ ಬೇಡ ಅಂದ್ರೆ ಹೆಂಗೆ ಕತ್ತರಿಸೋದು ಅಕ್ಕ? ಒಂದು ಕಡೆ ಪೂರ್ತಿ ಚಪ್ಪಟೆ ಬರಬೇಕು."

ಟಕ್ಸ್ ಎಂದರೆ ಎದೆಯ ಉಬ್ಬಿಗೆ ತಕ್ಕಂತೆ ಬಟ್ಟೆಯನ್ನು ಮಡಿಸಿ ಹಾಕುವ ಹೊಲಿಗೆ. ಎರಡು ಕಡೆ ಕೊಂಚ ಹೆಚ್ಚುಕಡಿಮೆ ಎಲ್ಲರಿಗೂ ಇರುತ್ತದೆ. ಒಂದು ಕಡೆ ಬೇಡವೇ ಬೇಡ ಎಂದು ಯಾರೂ ಕೇಳಿರಲಿಲ್ಲ. ಮತ್ತೆ ಅಂಥವನೇ ಬಂದ, ಎದೆಯ ಮಾತು ಆಡಿಸಿ ಕೇಳಲು ಬಂದಿದ್ದಾನೆ ಎಂದುಕೊಂಡೆ.

ಅತ್ತೆಗೆ ಓದಿ ಹೇಳಿದೆ. ಅವರು ಕಣ್ಣು ಮುಚ್ಚಿಕೊಂಡೇ ಕೇಳಿ, "ಗಂಡ್ಸು ಕಣೆ ಇವ್ನು" ಎಂದರು.

"ಹೆಂಗ್ ಹೇಳ್ತೀರಿ ಅತ್ತೆ?"

"ಎಂಗ್ಸಾಗಿದ್ರೆ 'ನಂಗೆ ಇಲ್ಲಿ ಇಡಿತದೆ, ಇಲ್ಲಿ ಲೊಳಲೊಳ ಅಂತದೆ' ಅಂತಿದ್ಲು. ಇವ್ನು ಗೋಡೆ ಅಳ್ದಂಗೆ ಅಳ್ದವ್ನೆ."

ನಾನು ಉತ್ತರ ಕಳಿಸಲಿಲ್ಲ. ಸುಮ್ಮನೆ ಬಟನ್ ಪಟ್ಟಿಯ ಪಾಠ ಹಾಕಿ, ಇದನ್ನು ಮುಗಿಸಿ ಎಂದು ಬರೆದೆ. ಆ ಕಡೆಯಿಂದ "ಸರಿ ಅಕ್ಕ" ಎಂದು ಬಂತು. ಅವಸರವಿಲ್ಲ, ಅಸಭ್ಯ ಮಾತಿಲ್ಲ. ಅದು ನನ್ನನ್ನು ಇನ್ನಷ್ಟು ಹೆದರಿಸಿತು. ಹಿಂದೆ ಬಂದವನು ಎರಡನೇ ವಾರಕ್ಕೇ ಬಣ್ಣ ತೋರಿಸಿದ್ದ. ಇವನು ತಿಂಗಳುಗಟ್ಟಲೆ ಅಂಚು ಮಡಿಸಿ ಹೆಮ್ಮಿಂಗ್ ಹಾಕುತ್ತಾ ಕೂತಿದ್ದಾನೆಂದರೆ ಎಂಥ ಕಿಲಾಡಿ ಇರಬೇಕು!

ಸಿಕ್ಕಿಬಿದ್ದಿದ್ದು ಮಷಿನ್ನಿನಿಂದಲೇ. ಅದರಲ್ಲಿ ಏನೋ ಕಟಕಟ ಸದ್ದು ಬರುತ್ತಿದೆ, ಕೇಳಿ ಹೇಳಿ ಎಂದು ಒಂದು ಸಣ್ಣ ವಿಡಿಯೋ ಬಂತು. ಮಷಿನ್ನಿನ ತಲೆ, ಸೂಜಿ, ಓಡುತ್ತಿರುವ ಹೊಲಿಗೆ ಕಾಣಿಸುತ್ತಿದ್ದವು. ಸದ್ದಿನ ಹಿಂದೆ ದೂರದಿಂದ ಯಾರೋ ಕೂಗಿದರು: "ಅಣ್ಣೋ, ನಮ್ ಮೋಟ್ರು ಕಟ್ಟಾಯ್ತಾ?" ಫೋನಿಗೆ ತೀರಾ ಹತ್ತಿರದಿಂದ ಒಂದು ಗಂಡು ದನಿ ಹೇಳಿತು: "ನಾಳೆ ಬಾರಪ್ಪ, ವಾರ್ನಿಶ್ ಒಣಗ್ಬೇಕು." ವಿಡಿಯೋ ಮುಗಿಯಿತು.

ಮತ್ತೆ ಮತ್ತೆ ಕೇಳಿದೆ. ಅತ್ತೆಯ ಕಿವಿಗೂ ಹಿಡಿದೆ. "ನಾನಂದಿಲ್ವಾ" ಎಂದು ಅವರು ಗೆದ್ದವರಂತೆ ದಿಂಬಿಗೆ ಒರಗಿದರು.

ನಂಬರನ್ನು ಬ್ಲಾಕ್ ಮಾಡಬೇಕೆಂದುಕೊಂಡೆ, ಅದಕ್ಕೂ ಮೊದಲು ಒಂದು ಮಾತು ಬರೆದೆ. "ನೀವು ಗಂಡಸು. ಪಂಪ್‌ಸೆಟ್ ಮೋಟರಿಗೆ ತಂತಿ ಸುತ್ತಿ ಕಟ್ಟುವ ಅಂಗಡಿಯಲ್ಲಿ ಕೂತಿದ್ದೀರಿ. ಹೆಂಗಸಿನ ವೇಷ ಹಾಕಿ ಯಾಕೆ ಬಂದಿರಿ? ನನ್ನ ಬಳಿ ನಿಮ್ಮ ವಿಡಿಯೋ ಇದೆ." ಕೊನೆಯ ಮಾತು ಬೆದರಿಕೆಗೆಂದೇ ಬರೆದಿದ್ದೆ.

ಮಧ್ಯಾಹ್ನ ಅತ್ತೆಗೆ ಊಟ ಕೊಡುತ್ತಿದ್ದಾಗ ಉತ್ತರ ಬಂತು. ಮೊದಲ ಸಲ ದನಿಯಲ್ಲಿ. ಅತ್ತೆಯ ಮುಂದೆಯೇ ಹಾಕಿದೆ. ಒಬ್ಬಳೇ ಕೇಳುವ ಧೈರ್ಯ ನನಗಿರಲಿಲ್ಲ.

"ಅಕ್ಕ, ತೆಪ್ಪಾಯ್ತು. ಮೋಟ್ರು ಕಟ್ಟೋನೇ ನಾನು. ಗಂಡ್ಸು ಅಂದ್ರೆ ನೀವು ಯೋಳ್ಕೊಡಾಕಿಲ್ಲ ಅಂದ್ರು ನಿಮ್ ನಂಬರ್ ಕೊಟ್ಟೋರು, ಅದ್ಕೆ ಇಂಗ್ ಮಾಡ್ದೆ. ನನ್ನೆಂಡ್ತಿಗೆ ಎದೇಲಿ ಗಂಟಾಗಿ ಆಪ್ರೇಸನ್ ಆಯ್ತು ಅಕ್ಕ. ಎಡಗಡೇದು ತೆಗ್ದುಬುಟ್ರು. ಆ ಕೈ ಊದ್ಕೊಂಡದೆ. ಉಸಾರಾದ್ಳು, ಆದ್ರೆ ಮನೆ ಬುಟ್ಟು ಈಚ್ಗೆ ಬರಾಕಿಲ್ಲ. ಇಲ್ಲೊಂದು ಟೈಲರ್ ಅಂಗ್ಡೀಗೆ ಕರ್ಕೊಂಡೋದೆ, ಅಳತೆ ತಕ್ಕೊಳೋ ಎಂಗ್ಸು ಮುಟ್ಟಿ ನೋಡಿ 'ಅಯ್ಯೋ ಇದೇನವ್ವ' ಅಂದ್ಬುಟ್ಲು, ಅಂಗ್ಡೀಲಿ ನಾಕ್ ಜನ ತಿರುಗ್ ನೋಡುದ್ರು. ಅವತ್ತಿಂದ ಅಳೇ ರವಿಕೆ ಒಳ್ಗೆ ಬಟ್ಟೆ ತುರ್ಕೊತಾಳೆ. ಅದು ಜಾರ್ತದೆ. ತವರ್ ಮನೆ ಗೃಹಪ್ರವೇಸಕ್ಕೂ ಓಗ್ನಿಲ್ಲ. ತಾಮ್ರದ್ ತಂತಿ ಸುತ್ತೋ ಕೈಗೆ ದಾರ ಬರಾಕಿಲ್ವಾ ಅಂತ ಅಳೇ ಮಿಷಿನ್ ತಂದು ಅಂಗ್ಡೀಲಿ ಮಡಿಕ್ಕಂಡಿವ್ನಿ. ಅವ್ಳಿಗೆ ಗೊತ್ತಿಲ್ಲ ಅಕ್ಕ, ನಿದ್ದೆ ಮಾಡೋವಾಗ ದಾರ ಇಡ್ದು ಅಳತೆ ತಕ್ಕಂಡೆ. ಗೊತ್ತಾದ್ರೆ ನಾಚ್ಕೊಂಡು ಬೇಡ ಅಂತಾಳೆ."

ಅತ್ತೆ ಅನ್ನ ಕಲಸುವುದನ್ನು ನಿಲ್ಲಿಸಿದ್ದರು. ನನಗೂ ಅಯ್ಯೋ ಅನ್ನಿಸಿತು ನಿಜ. ಆದರೆ ಕಥೆ ತೀರಾ ಚೆನ್ನಾಗಿತ್ತು. ಕೇಳಿದವರು ಕರಗಲೇಬೇಕು, ಹಾಗಿತ್ತು. ನನ್ನನ್ನು ಕರಗಿಸಬೇಕೆಂದೇ ಕಟ್ಟಿದ್ದರೆ? ತೋಳಿನ ಅಳತೆ, ಎದೆಯ ಅಳತೆ ಎಲ್ಲಕ್ಕೂ ಉತ್ತರ ಅದರಲ್ಲಿ ಕೂಡಿಬಂದಿತ್ತು. ಎಲ್ಲವೂ ಕೂಡಿಬಂದರೆ ನನಗೆ ಅನುಮಾನ. ನಿಮ್ಮ ಹೆಂಡತಿ ಒಂದು ಮಾತು ಆಡಿ ಕಳಿಸಲಿ, ಆಮೇಲೆ ನೋಡೋಣ ಎಂದು ಬರೆದೆ. "ಅವ್ಳಿಗೆ ಗೊತ್ತಿಲ್ಲ ಅಂದ್ನಲ್ಲ ಅಕ್ಕ" ಎಂದು ಬಂತು. ಮತ್ತೆ ಅದೇ! ದನಿ ಕೇಳಿದಾಗಲೆಲ್ಲ ಒಂದು ಕಾರಣ ಇದ್ದೇ ಇರುತ್ತದೆ ಈ ಮಳವಳ್ಳಿಗೆ.

ಎರಡು ದಿನ ಕಳೆದ ಮೇಲೆ ಅತ್ತೆ ತಲೆ ಬಾಚಿಸಿಕೊಳ್ಳುತ್ತಾ, "ಯೋಳ್ಕೊಡು" ಎಂದರು.

"ಸುಳ್ಳಾಗಿದ್ದರೆ?"

"ಸುಳ್ಳಾಗಿದ್ರೆ ಒಂದ್ ರವಿಕೆ ಒಲಿಯೋದು ಕಲ್ತ್ಕೊಂಡ. ನಿಜ ಆಗಿದ್ರೆ? ಯೋಳ್ಕೊಡು. ನಂಬ್ಬೇಡ, ಯೋಳ್ಕೊಡು."

ನಂಬದೆ ಹೇಳಿಕೊಡುವುದು ಹೇಗೆಂದು ನಾನು ಆ ದಿನಗಳಲ್ಲಿ ಕಲಿತೆ. ಒಂದು ಮಾತು ಹೆಚ್ಚಿಲ್ಲ. ಬಟ್ಟೆ, ಕೈಬೆರಳು ಬಿಟ್ಟು ಬೇರೇನೂ ಕಾಣದಂತೆ, ನನ್ನ ಬಳೆ ಕೂಡ ಕಾಣದಂತೆ ವಿಡಿಯೋ ಹಿಡಿದೆ. ಮುಗಿದ ಮೇಲೆ ಇಡೀ ವಿಡಿಯೋವನ್ನು ಪರಗಂಡಸಿನ ಕಣ್ಣಿನಿಂದ ನೋಡುತ್ತಿದ್ದೆ. ಇದನ್ನು ಹತ್ತು ಜನರ ಮುಂದೆ ಹಾಕಿ ನಕ್ಕರೆ ನಗಲು ಏನಾದರೂ ಸಿಗುತ್ತದೆಯೇ? ಸಿಗುವ ಮಾತನ್ನೆಲ್ಲ ಅಳಿಸಿ ಮತ್ತೆ ಹಿಡಿಯುತ್ತಿದ್ದೆ. 'ಎದೆ' ಎನ್ನುವ ಕಡೆ 'ಮುಂಭಾಗ' ಎಂದೆ. ಅವನು ಕೇಳಿದಂತೆ ಒಂದು ಕಡೆ ಚಪ್ಪಟೆ ಮಾಡುವುದು ಬೇಡ, ಎರಡು ಕಡೆಯೂ ಒಂದೇ ರೀತಿ ಕತ್ತರಿಸಿ, ಎಡಗಡೆ ಲೈನಿಂಗಿನಲ್ಲಿ ಮೆತ್ತನೆಯ ಹತ್ತಿ ಬಟ್ಟೆಯ ಒಂದು ಜೇಬು ಹೊಲಿಯಿರಿ, ಜೇಬಿನೊಳಗೆ ಒಂದು ಪುಟ್ಟ ಮೆತ್ತೆ ಕೂರಲಿ ಎಂದು ಹೇಳಿದೆ. ಜೇಬಿದ್ದರೆ ಜಾರುವುದಿಲ್ಲ. ಹುಕ್ಕು ಮುಂದೆಯೇ ಇರಲಿ, ಕಂಕುಳ ಸುತ್ತು ಧಾರಾಳವಾಗಿರಲಿ, ಕತ್ತು ಸ್ವಲ್ಪ ಮೇಲಿರಲಿ.

ಮೆತ್ತೆಗೆ ಹತ್ತಿ ತುಂಬಿದರೆ ಹಗುರವಾಗಿ ಮೇಲಕ್ಕೆದ್ದು ಬರುತ್ತದೆ ಎಂದು ಅವನು ಬರೆದ. ಏನು ತುಂಬುವುದು ಎಂದು ನನಗೂ ಹೊಳೆಯಲಿಲ್ಲ. ಅತ್ತೆ ಹೇಳಿದರು: "ಬಾಣಂತಿ ಮನೇಲಿ ಕೂಸಿನ ತಲೆಗೆ ಸಾಸ್ವೆ ದಿಂಬು ಮಾಡಲ್ವೇನೆ? ಸಾಸ್ವೆ ತೂಕ ಅದೆ, ತಣ್ಣಗಿರ್ತದೆ, ಮೈ ಎಂಗಂದ್ರೆ ಅಂಗೆ ಕೂತ್ಕತದೆ. ಸುತ್ತ ಅರಳೆ ಇಟ್ಟು ನಡ್ವೆ ಸಾಸ್ವೆ ಆಕ್ಲಿ." ಅದನ್ನೇ ಮಾಡಿ ತೋರಿಸಿದೆ. ಮಾರನೇ ದಿನ ಅಂಗಡಿಯ ಕಟ್ಟೆಯ ಮೇಲೆ ಸಾಸಿವೆ ತುಂಬಿದ ಪುಟ್ಟ ಮೆತ್ತೆಯ ಫೋಟೋ ಬಂತು. ಈ ಸಲ ಹೆಬ್ಬೆರಳು ಕಾಣುವಂತೆ ಹಿಡಿದಿದ್ದ. ಉಗುರಿನ ಸಂದಿಯಲ್ಲಿ ವಾರ್ನಿಶ್ ಕಟ್ಟಿಕೊಂಡಿತ್ತು.

ಆಗಲೂ ನಾನು ಪೂರ್ತಿ ನಂಬಲಿಲ್ಲ. ಮೆತ್ತೆ ಇದೆ, ಮೈ ಇದೆಯೋ ಇಲ್ಲವೋ ಯಾರು ಕಂಡರು?

ಕೊನೆಯ ಪಾಠ ಕಳಿಸಿದ ಮರುದಿನ ಬೆಳಿಗ್ಗೆ, ಅಕ್ಕಿ ತೊಳೆಯುತ್ತಿದ್ದೆ. ಫೋನು ಸದ್ದು ಮಾಡಿತು. ಮಳವಳ್ಳಿಯಿಂದ ದನಿಯ ಮೆಸೇಜು. ಒದ್ದೆ ಬೆರಳಲ್ಲೇ ಒತ್ತಿದೆ. ಹೆಂಗಸಿನ ದನಿ ಅಡಿಗೆಮನೆಯ ತುಂಬ ಹೊಡೆಯಿತು.

"ಯಾರಮ್ಮ ನೀನು? ನಮ್ಮೆಜಮಾನ್ರಿಗೆ ದಿನಾ ಅದೇನ್ ಕಳುಸ್ತಿದ್ದೀಯೆ? ಫೋನಲ್ಲಿ 'ಮಂಡ್ಯ' ಅಂತ ಬರ್ಕೊಂಡವ್ರೆ, ಹೆಸ್ರಿಲ್ಲ ದೆಸೆಯಿಲ್ಲ. ಬಂದಿದ್ದೆಲ್ಲ ಅಳಿಸಾಕ್ತಾರೆ. ಇದೊಂದು ಉಳ್ಕೊಂಡದೆ, ನಿನ್ ಬಾಯಲ್ಲೇ ಕೇಳುದ್ನಲ್ಲ, 'ಎಡಗಡೆ ಸ್ವಲ್ಪ ಸಡಿಲ ಬಿಡಿ, ಚರ್ಮಕ್ಕೆ ಒತ್ತಬಾರದು' ಅಂತ. ಯಾರ್ ಚರ್ಮ ಕಣಮ್ಮ? ಮದ್ಯಾನ ಊಟಕ್ಕೂ ಮನೇಗ್ ಬರ್ದೆ ಅಂಗ್ಡಿ ಬಾಗ್ಲಾಕ್ಕೊಂಡು ಕೂತ್ಕತಾರೆ. ನಂಗಿಂಗಾಯ್ತು ಅಂತ ನಿನ್ನ ಇಡ್ಕೊಂಡವ್ರಾ? ಯೋಳ್ಬುಡು, ನಾನೇನ್ ಅಳಾಕಿಲ್ಲ."

ಕೊನೆಯ ಮಾತಿನಲ್ಲಿ ಅವಳು ಅಳುತ್ತಿದ್ದಳು.

ನಾನು ಅಕ್ಕಿ ಪಾತ್ರೆ ಕೆಳಗಿಟ್ಟು ಗೋಡೆಗೆ ಒರಗಿ ಕೂತೆ. ಇಷ್ಟು ತಿಂಗಳು ನಾನು ಆ ಕಡೆ ಯಾರಿದ್ದಾರೆಂದು ಹೆದರಿದ್ದೆ. ಅಲ್ಲಿಯೂ ಒಬ್ಬಳು ಈ ಕಡೆ ಯಾರಿದ್ದಾಳೆಂದು ಹೆದರಿ ಕೂತಿದ್ದಳು. ಹಾಗಿದ್ದರೂ ಮನಸ್ಸಿನ ಒಂದು ಮೂಲೆ, ಇದೂ ಅವನ ಆಟವೇ ಆಗಿದ್ದರೆ, ಯಾರನ್ನೋ ಕೂರಿಸಿ ಹೇಳಿಸಿದ್ದರೆ ಎಂದಿತು. ಆ ಅಳು ಕೇಳಿಯೂ ಅಂದಿತು. ಹೇಳಿಸಿದವರ ದನಿ ಹಾಗೆ ಒಡೆಯುವುದಿಲ್ಲ ಎಂದು ಸಮಾಧಾನ ಮಾಡಿಕೊಂಡೆ.

ಏನು ಹೇಳುವುದು? ಅವನ ಗುಟ್ಟು ಹೇಳಿದರೆ ಅವನ ಆಸೆ ಹಾಳು. ಹೇಳದಿದ್ದರೆ ಅವಳ ಮನೆ ಹಾಳು. ಅತ್ತೆಯನ್ನು ಕೇಳಲೂ ಹೋಗಲಿಲ್ಲ. ಫೋನು ಬಾಯಿಯ ಹತ್ತಿರ ಹಿಡಿದು ಹೇಳಿದೆ: "ನೋಡಮ್ಮ, ನಾನು ಹೊಲಿಗೆ ಹೇಳಿಕೊಡೋಳು. ನನಗೂ ಸಂಸಾರ ಇದೆ, ನಿಮ್ಮ ಯಜಮಾನರ ಮುಖ ನಾನು ನೋಡಿಲ್ಲ. ಅವರನ್ನ ನೀವು ಎಷ್ಟು ಅನುಮಾನಿಸಿದ್ದೀರೋ ಅದಕ್ಕಿಂತ ಜಾಸ್ತಿ ನಾನು ಅನುಮಾನಿಸಿದ್ದೀನಿ. ಈಗ ಎದ್ದು ಅಂಗಡಿಗೆ ಹೋಗಿ. ಮೋಟರುಗಳ ಮಧ್ಯೆ ಒಂದು ಹೊಲಿಗೆ ಮಷಿನ್ ಇದೆಯೋ ಇಲ್ಲವೋ ನೋಡಿ. ಇಲ್ಲದಿದ್ದರೆ ನನಗೂ ಹೇಳಿ, ನಾವಿಬ್ಬರೂ ಸೇರಿ ಅವರನ್ನ ವಿಚಾರಿಸಿಕೊಳ್ಳೋಣ."

ಅದನ್ನು ಅವಳು ಕೇಳಿದಳು. ನೀಲಿ ಗೀಟು ಬಂತು. ಆಮೇಲೆ ಏನೂ ಇಲ್ಲ.

ಆ ದಿನ ಉಳಿದವರ ಪಾಠ ನಡೆಯಲಿಲ್ಲ. ದುದ್ದದಾಕೆ ತಾನು ಹೊಲಿದ ಫ್ರಾಕಿನ ಫೋಟೋ ಹಾಕಿ ಕಾದಳು. ಕೊಪ್ಪದಾಕೆ, ಹಾಲು ಕರೆದು ಬಂದು ಕೂತಿದ್ದೇನೆ ಪಾಠ ಎಲ್ಲಿ ಎಂದು ಕೇಳಿದಳು. ನಾನು ಫೋನನ್ನು ಸೆರಗಿನಲ್ಲಿ ಕಟ್ಟಿಕೊಂಡವಳಂತೆ ಓಡಾಡಿದೆ. ಅವಳು ಅಂಗಡಿಗೆ ಹೋದಳೋ, ಹೋಗದೆ ಏನಾದರೂ ಮಾಡಿಕೊಂಡಳೋ! ನಾನೇ ಹಾಕಿಕೊಂಡ ಕಟ್ಟಳೆ ಮುರಿದು ಕರೆ ಮಾಡಲೇ ಎಂದು ಬೆರಳು ಎಷ್ಟೋ ಸಲ ಹೋಯಿತು. ಕರೆ ಮಾಡಿದರೆ ಫೋನ್ ಯಾರ ಕೈಯಲ್ಲಿರುತ್ತದೆ, ಏನು ಮಾತಾಡಲಿ? ಮಾಡಲಿಲ್ಲ.

ಮಾರನೇ ದಿನ ಮಧ್ಯಾಹ್ನ ದನಿ ಬಂತು. ಮೊದಲು ಬರೀ ಮಷಿನ್ ಓಡುವ ಸದ್ದು. ಅದು ನಿಂತಿತು. ಅವಳ ದನಿ, ನಿನ್ನೆಯದಲ್ಲ, ಒಂಥರಾ ಕೆಲಸದ ದನಿ: "ಅಕ್ಕ, ಬಲಗಡೆ ಟಕ್ಸ್ ವಾರೆ ಆಗದೆ ಕಣಕ್ಕ. ಇವ್ರು ಒಪ್ಪಾಕಿಲ್ಲ. ಬಿಚ್ಚಿ ಒಲಿಬೇಕಲ್ವಾ?" ಹಿಂದಿನಿಂದ ಅವನು, "ವಾರೆ ಏನಿಲ್ಲ ಅಕ್ಕ, ಅವ್ಳು ಸುಮ್ನೆ ಅಂತಾಳೆ" ಎನ್ನುವುದು ಕೇಳಿಸಿತು.

ಫೋಟೋ ನೋಡಿದೆ. ವಾರೆಯಾಗಿತ್ತು. "ಬಿಚ್ಚಿ" ಎಂದು ಕಳಿಸಿ, ಅತ್ತೆಯ ಮಂಚದ ಮೇಲೆ ಕೂತು ನಕ್ಕೆ. ನಗುತ್ತಾ ಕಣ್ಣೀರು ಬಂತು. ಅತ್ತೆ ನನ್ನ ಬೆನ್ನ ಮೇಲೆ ಕೈಯಿಟ್ಟು, "ಈಗ್ಲಾದ್ರೂ ನಂಬುದ್ಯಾ?" ಎಂದರು. "ಸುಮಾರಾಗಿ" ಎಂದೆ.

ಅಂಗಡಿಗೆ ಹೋಗಿ ಅವಳೇನು ಕಂಡಳೋ, ಏನಂದಳೋ, ಅವರಿಬ್ಬರೂ ನನಗೆ ಹೇಳಲಿಲ್ಲ. ನಾನೂ ಕೇಳಲಿಲ್ಲ.

ಬೇಸಿಗೆಯಲ್ಲಿ ಅವಳನ್ನು ಮಂಡ್ಯದ ಆಸ್ಪತ್ರೆಗೆ ತೋರಿಸಲು ಬಂದವರು, ಕೇಳಿ ವಿಳಾಸ ತೆಗೆದುಕೊಂಡು ನಮ್ಮ ಮನೆಗೆ ಬಂದರು. ಬಾಗಿಲು ತೆರೆದಾಗ ಅವನು ಮೆಟ್ಟಿಲ ಕೆಳಗೇ ನಿಂತಿದ್ದ. ಸಣಕಲು ಆಳು, ತಲೆ ಬಗ್ಗಿಸಿಕೊಂಡಿದ್ದ. ಅವಳು ಮೇಲೆ ಬಂದು ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದಳು. ನಾನೂ ಅವಳನ್ನು ಹಾಗೆಯೇ ನೋಡಿದೆ. ನನ್ನ ಕಣ್ಣು ಮೊದಲು ಹೋದದ್ದು ಭುಜದ ಹೊಲಿಗೆಗೆ, ಅಲ್ಲಿಂದ ಕಂಕುಳಿಗೆ, ಅಲ್ಲಿಂದ ಮುಂದಕ್ಕೆ. ನೀಲಿ ರವಿಕೆ. ಎಲ್ಲಿಯೂ ಎಳೆದಿರಲಿಲ್ಲ. ಗೊತ್ತಿಲ್ಲದವರಿಗೆ ಗೊತ್ತಾಗುವುದಿಲ್ಲ.

"ವಿಡಿಯೋದಲ್ಲಿ ಕೈ ನೋಡಿ ಇಪ್ಪತ್ತೈದರ ಹುಡುಗಿ ಅಂದ್ಕೊಂಡಿದ್ದೆ" ಎಂದಳು. ಹೊಗಳಿದಳೋ ನಿಟ್ಟುಸಿರು ಬಿಟ್ಟಳೋ ತಿಳಿಯಲಿಲ್ಲ.

"ಐವತ್ತಾಯ್ತು ಕಣಮ್ಮ. ಒಳಗೆ ಬನ್ನಿ. ಅವರನ್ನೂ ಕರೀರಿ."

ಅವನು ಒಳಗೆ ಬಂದು ಕುರ್ಚಿಯ ತುದಿಯಲ್ಲಿ ಕೂತ. ತಿಂಗಳುಗಟ್ಟಲೆ ಅಕ್ಕ ಅಕ್ಕ ಎಂದು ಬರೆದವನು ಎದುರಿಗೆ ಸಿಕ್ಕಾಗ ಫ್ಯಾನು ನೋಡುತ್ತಾ ಕೂತ. ಕಾಫಿ ಕೊಟ್ಟೆ. ಲೋಟ ಹಿಡಿದ ಬೆರಳು ನೋಡಿದೆ. ಅದೇ ವಾರ್ನಿಶ್ ಕಟ್ಟಿದ ಉಗುರು. ಆಗಲೇ ನನಗೆ ಅವನು ಪೂರ್ತಿ ನಿಜ ಎನ್ನಿಸಿದ್ದು.

ಅವಳು ಅತ್ತೆಯ ಮಂಚದ ಹತ್ತಿರ ಹೋಗಿ ಕೂತಿದ್ದಳು. ಅತ್ತೆ ನಾಚಿಕೆಯಿಲ್ಲದೆ ಕೇಳಿದರು: "ಸಾಸ್ವೆ ಚುಚ್ತದಾ?"

"ಇಲ್ಲ ಕಣಜ್ಜಿ. ತಂಪಗದೆ. ಅದ್ರ ಗ್ಯಾನವೇ ಬರಾಕಿಲ್ಲ. ಬೆವ್ರು ಬಂದಾಗ ಮಾತ್ರ ತೆಗ್ದು ಒಣಗಾಕ್ತೀನಿ."

"ಕೈ ಎತ್ತು ನೋಡನ."

ಅವಳು ಒಂದು ಕ್ಷಣ ಬಾಗಿಲ ಕಡೆ ನೋಡಿದಳು. ಗಂಡ ಫ್ಯಾನು ನೋಡುತ್ತಿದ್ದ. ಎಡಗೈಯನ್ನು ನಿಧಾನಕ್ಕೆ ಮೇಲೆತ್ತಿದಳು. ಭುಜದವರೆಗೆ ಬಂತು, ಅದಕ್ಕಿಂತ ಮೇಲೆ ಹೋಗಲಿಲ್ಲ. ರವಿಕೆ ಮಾತ್ರ ಜಾಗ ಬಿಟ್ಟು ಕದಲಲಿಲ್ಲ. ಅತ್ತೆ ಕೈ ಚಾಚಿ ಆ ಊದಿದ ತೋಳನ್ನು ಸವರಿದರು.

ಹೊರಡುವಾಗ ಅವಳು ಬಾಗಿಲಲ್ಲಿ ನಿಂತು, "ನಿಮ್ಮುನ್ನ ಕಣ್ಣಾರೆ ನೋಡೋಗಂಟ ನಂಗೆ ಒಳಗೊಳ್ಗೆ ಇತ್ತು ಅಕ್ಕ" ಎಂದಳು.

"ನನಗೂ ಇತ್ತು" ಎಂದೆ.

ಗಂಡಸರಿಗೆ ಹೇಳಿಕೊಡುವುದಿಲ್ಲ ಎಂಬ ನನ್ನ ಕಟ್ಟಳೆ ಇನ್ನೂ ಹಾಗೆಯೇ ಇದೆ. ದನಿ ಕಳಿಸದವರನ್ನು ಈಗಲೂ ಸೇರಿಸುವುದಿಲ್ಲ. ಒಬ್ಬ ಒಳ್ಳೆಯವನಾದ ಎಂದು ಬಾಗಿಲು ತೆರೆದಿಡಲು ಆಗುವುದಿಲ್ಲ, ಮದ್ದೂರಿನ ಆ ಹೆಂಗಸಿನ ಕೈಗೆ ಫೋನು ಇನ್ನೂ ವಾಪಸ್ಸು ಬಂದಿಲ್ಲ. ಆದರೆ ಆಸ್ಪತ್ರೆಯ ಸಾಲಿನಲ್ಲಿ ಮಳವಳ್ಳಿಯಾಕೆಗೆ ತನ್ನಂಥವರೇ ಪರಿಚಯವಾಗಿದ್ದಾರೆ. ಅವರಿಗೆ ಅವಳೇ ಪಾಠ ಕಳಿಸುತ್ತಾಳೆ. ನಾನು 'ಮುಂಭಾಗ' ಎಂದು ಮುಚ್ಚಿಟ್ಟು ಹೇಳಿದ್ದನ್ನೆಲ್ಲ ಅವಳು 'ಎದೆ' ಎಂದೇ ಹೇಳುತ್ತಾಳೆ, ಗಾಯದ ಗುರುತಿನ ಮೇಲೆ ಹೊಲಿಗೆ ಬರದಂತೆ ಎಲ್ಲಿ ಸರಿಸಬೇಕು ಎಂದು ತನ್ನ ಮೈ ಮುಟ್ಟಿಕೊಂಡೇ ಹೇಳುತ್ತಾಳೆ. ಆ ವಿಡಿಯೋಗಳಲ್ಲಿ ಕತ್ತರಿಸುವುದು, ಹೊಲಿಯುವುದು ಗಂಡ. ಹುಕ್ಕು ಹಾಕಿ ಹೆಮ್ಮಿಂಗ್ ಮಾಡುವುದು ಇವಳು. ಕಳಿಸುವ ಮುಂಚೆ ಒಮ್ಮೆ ನನಗೆ ಹಾಕುತ್ತಾಳೆ, ಸರಿಯಿದೆಯಾ ನೋಡಿ ಎಂದು. ನಾನು ಅತ್ತೆಯ ಮಂಚದ ಪಕ್ಕ ಕೂರುತ್ತೇನೆ, ಇಬ್ಬರೂ ಕೇಳುತ್ತೇವೆ. ಟಕ್ಸ್ ವಾರೆಯಾಗಿದ್ದರೆ ಈಗಲೂ ಬಿಚ್ಚಿಸುತ್ತೇನೆ.